ಸಾಹೇಬರ ತೊರಕೆಗೆ ಕಾಳು ತಿನ್ನಿಸಿದವರು

ಮೇಲಿನ ಮನೆ ಸಾರ್ ತೀರಿಕೊಂಡ ನಾಲ್ಕನೇ ದಿನ ನಮ್ಮ ಸೊಸೈಟಿಯವರು ಪಾರ್ಕಿನಲ್ಲಿ ಶೋಕಸಭೆ ಇಟ್ಟುಕೊಂಡರು. ಬಿಳಿ ಚಾದರ, ಪ್ಲಾಸ್ಟಿಕ್ ಕುರ್ಚಿ, ಫೋಟೋಗೆ ಚೆಂಡುಹೂವಿನ ಹಾರ. ಒಬ್ಬೊಬ್ಬರಾಗಿ ಎದ್ದು ನಿಂತು "ಬಡೇ ಶರೀಫ್ ಆದ್ಮೀ ಥೇ" ಅಂದರು. ಏಳು ಜನ ಮಾತಾಡಿದರು, ಏಳು ಜನರೂ ಅದನ್ನೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಜ್ಜನರಂತೆ! ಅವರ ಪಾರ್ಕಿಂಗ್ ಜಾಗದಲ್ಲಿ ತನ್ನ ಕಾರು ನಿಲ್ಲಿಸಿಕೊಂಡವನೂ ಅದನ್ನೇ ಹೇಳಿದ, ಸೊಸೈಟಿಯ ಅರ್ಜಿಗಳನ್ನೆಲ್ಲ ಅವರಿಂದ ಬಿಟ್ಟಿ ಬರೆಸಿಕೊಂಡ ಸೆಕ್ರೆಟರಿಯೂ ಅದನ್ನೇ ಹೇಳಿದ. ಬೇಡ ಅನ್ನೋಕೆ ಬಾಯಿ ಬಾರದ ಮನುಷ್ಯನಿಗೆ ಈ ಊರಿನವರು ಕೊಡುವ ಬಿರುದು ಅದು. ಜೀವ ಇರುವಾಗ ಹಿಂಡುವುದು, ಹೋದಮೇಲೆ ಬಿರುದು ಕೊಡುವುದು.

ಅವರು ನಮ್ಮ ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು, ನಾನು ಅದೇ ವಿಭಾಗದಲ್ಲಿ ಸ್ಟೆನೋ. ಮಯೂರ್ ವಿಹಾರದಲ್ಲಿ ಅವರದು ಎರಡನೇ ಮಹಡಿ, ನಮ್ಮದು ಸರಿಯಾಗಿ ಅದರ ಕೆಳಗೆ. ಮೆಟ್ರೋ ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಬೆಳಿಗ್ಗೆ ಚಾರ್ಟರ್ಡ್ ಬಸ್ಸಿನಲ್ಲಿ ಒಟ್ಟಿಗೇ ಹೋಗುತ್ತಿದ್ದೆವು. ಅವರು ನಂಜನಗೂಡಿನ ಕಡೆಯ ಮಡಿವಂತರು, ನಾನು ಕುಂದಾಪುರದ ಮೀನು ತಿನ್ನುವವರ ಮನೆಯವಳು. ಊರಿನಲ್ಲಾಗಿದ್ದರೆ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ಕಣ್ಣಲ್ಲೂ ನೋಡುತ್ತಿರಲಿಲ್ಲವೇನೋ. ದಿಲ್ಲಿಯಲ್ಲಿ ಹಾಗಲ್ಲ, ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ನೆಂಟಸ್ತನವೇ ಆಗಿಬಿಡುತ್ತದೆ. ಅವರ ಹೆಂಡತಿ ನನಗೆ ಅಕ್ಕ, ಅವರು ಮನೆಯಲ್ಲೂ ಆಫೀಸಿನಲ್ಲೂ ಸಾರ್.

ಸಾರ್ ಬಾಯಿಂದ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು "ಠೀಕ್ ಹೈ ಸರ್". ಬಸ್ಸಿನಲ್ಲಿ ಅವರು ಕರ್ಚೀಫು ಹಾಕಿ ಹಿಡಿದ ಕಿಟಕಿ ಸೀಟಿನಲ್ಲಿ ದಿನಾ ಬೇರೆ ಯಾರೋ ಕೂತಿರುತ್ತಿದ್ದರು. ತರಕಾರಿ ಭಯ್ಯಾ ಹುಳುಕು ಬದನೇಕಾಯಿಯನ್ನೆಲ್ಲ ಆರಿಸಿ ಅವರ ಚೀಲಕ್ಕೇ ತುಂಬುತ್ತಿದ್ದ. "ನೋಡ್ಕೊಂಡು ತರೋಕೆ ಆಗಲ್ವಾ?" ಅಂತ ಅಕ್ಕ ಕೂಗಿದರೆ, "ಅವನು ಹಾಕ್ಬಿಟ್ಟಿದ್ದ ಕಣೆ, ತೆಗಿ ಅಂತ ಹೇಗೆ ಹೇಳೋದು" ಅನ್ನುತ್ತಿದ್ದರು. ಇಂಥವರ ಕೊರಳಿಗೆ ಒಂದು ದಿನ ಮೀನು ಬಂದು ಬಿತ್ತು.

ನಮ್ಮ ಜಾಯಿಂಟ್ ಸೆಕ್ರೆಟರಿ ಸಾಹೇಬರಿಗೆ ವಿದೇಶದ ಪೋಸ್ಟಿಂಗ್ ಆಗಿತ್ತು. ನಾನು ಡಿಕ್ಟೇಶನ್ ತಗೊಳ್ಳುತ್ತಾ ಕೂತಿದ್ದೆ, ಸಾರ್ ಫೈಲು ಹಿಡಿದು ನಿಂತಿದ್ದರು. ಸಾಹೇಬರು ತಲೆ ಎತ್ತಿ, ಮನೆಯಲ್ಲಿ ಮಕ್ಕಳ ಎರಡು ಮೀನು ಇವೆ, ನೀವು ಶಾಂತ ಮನುಷ್ಯ, ನೀವೇ ಇಟ್ಟುಕೊಳ್ಳಿ, ಎರಡು ನಾಲ್ಕು ತಿಂಗಳಷ್ಟೇ, "ದೋ-ಚಾರ್ ಮಹೀನೇ ಕೀ ಬಾತ್ ಹೈ" ಅಂದರು. ಸಾರ್, "ಠೀಕ್ ಹೈ ಸರ್."

ಮೀನು ಅಂದರೆ ಗಾಜಿನ ಬೋಗುಣಿಯಲ್ಲಿ ಓಡಾಡುವ ಕೆಂಪು ಮೀನು ಅಂದುಕೊಂಡಿದ್ದರು, ಪಾಪ. ಭಾನುವಾರ ಒಂದು ಟೆಂಪೋದಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ ಬಂತು. ನಾಲ್ಕು ಜನ ಏದುಸಿರು ಬಿಡುತ್ತಾ ಅದನ್ನು ಮೆಟ್ಟಿಲು ಹತ್ತಿಸಿದರು. ಹಿಂದೆಯೇ ಒಂದು ಥರ್ಮೋಕೋಲ್ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಎರಡು, ಊಟದ ತಟ್ಟೆಯ ಹಾಗೆ ಗುಂಡಗೆ, ಚಪ್ಪಟೆ, ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆ, ಚಾಟಿಯಂಥ ಬಾಲ, ಬಾಲದ ಮೇಲೊಂದು ಮುಳ್ಳು. ನನಗೆ ನಗು ತಡೆಯಲಿಲ್ಲ.

"ಅಯ್ಯೋ ಸಾರ್, ಇದು ತೊರಕೆ! ನಮ್ಮೂರಲ್ಲಿ ಹುಳಿ ಖಾರ ಹಾಕಿ ಸಾರು ಮಾಡ್ತೀವಿ!"

ಸಾರ್ ಒಮ್ಮೆ ಡಬ್ಬದ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಇದು ಸಾಹೇಬರದಮ್ಮಾ" ಅಂದರು.

ನಮ್ಮೂರಿನದು ಕಡಲಿನ ಮೀನು, ಇವು ಯಾವುದೋ ದೂರದೇಶದ ಹೊಳೆಯವು, ಸಿಹಿನೀರಿನವು. ಸಿಗಡಿ, ಎರೆಹುಳ ತಿನ್ನುತ್ತವೆ ಅಂತ ಡ್ರೈವರ್ ಹೇಳಿ ಹೊರಟುಹೋದ. ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಹುಳ, ಸಿಗಡಿ ಅಂತ ಏನಾದ್ರೂ ಈ ಹೊಸಿಲು ದಾಟಿ ಒಳಗೆ ಬಂತೋ, ನಾನು ದಾಟಿ ಆಚೆ ಹೋಗ್ತೀನಿ. ಸಾಹೇಬ್ರಿಗೂ ಅದನ್ನೇ ಹೇಳಿ."

ಸಾಹೇಬರಿಗೆ ಹೇಳುವುದುಂಟೇ? ಸಾರ್ ಮರುದಿನ ಮೀನಿನ ಅಂಗಡಿ ಹುಡುಕಿಕೊಂಡು ಹೋದರು. ಅಂಗಡಿ ಭಯ್ಯಾ ಒಂದು ಡಬ್ಬಿ ಕೊಟ್ಟ. ಒಳಗೆ ಕಂದು ಬಣ್ಣದ ಗುಂಡುಗಳು, ನೋಡಲು ಹುರುಳಿಕಾಳಿನ ಹಾಗೆ, ಮುಟ್ಟಿದರೆ ಒಣ. ಇದನ್ನು ರೂಢಿ ಮಾಡಿಸಿಬಿಟ್ಟರೆ ಸಿಗಡಿಯೂ ಬೇಡ, ಹುಳವೂ ಬೇಡ ಅಂದನಂತೆ. ಅಕ್ಕ ಎರಡು ಗುಂಡನ್ನು ಅಂಗೈ ಮೇಲೆ ಹಾಕಿಕೊಂಡು, ಮೂಸಿ, ಮುಖ ಸಿಂಡರಿಸಿ, "ಕಾಳು ತಾನೇ?" ಅಂದರು.

"ಕಾಳೇ" ಅಂದರು ಸಾರ್.

ಆವತ್ತಿನಿಂದ ಆ ಮನೆಯಲ್ಲಿ ಅದರ ಹೆಸರು ಕಾಳು. ಆದರೆ ಮೀನುಗಳು ಅದನ್ನು ಕಾಳು ಅಂತ ಒಪ್ಪಬೇಕಲ್ಲ! ತೊರಕೆಗೆ ಬಾಯಿರುವುದು ಹೊಟ್ಟೆಯ ಕಡೆ. ತಿಂಡಿಯ ಮೇಲೆ ಕಂಬಳಿಯ ಹಾಗೆ ಕವುಚಿಕೊಂಡು ಎಳೆದುಕೊಳ್ಳುತ್ತದೆ. ಇವೂ ಬಂದು ಕವುಚಿಕೊಳ್ಳುತ್ತಿದ್ದವು. ಆಹಾ ತಿಂದವು ಅನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದರೆ ಕಾಳು ಅಲ್ಲೇ ಮರಳಿನ ಮೇಲೆ. ಬಾಯಿಗೆ ತಗೊಂಡು ಥೂ ಅಂತ ಉಗಿದಿರುತ್ತಿದ್ದವು.

ಅಂಗಡಿಯವನನ್ನು ಕೇಳಿದರೆ "ಭೂಖಾ ರಖಿಯೇ" ಅಂದ. ಉಪವಾಸ ಕೆಡವಿ, ತಾನಾಗಿಯೇ ತಿನ್ನುತ್ತೆ. ಬೇರೆಯವರಾಗಿದ್ದರೆ ನಾಲ್ಕು ದಿನ ನೋಡಿ ಬಿಟ್ಟುಬಿಡುತ್ತಿದ್ದರು. ಸಾರ್ ಹನ್ನೆರಡನೇ ವಯಸ್ಸಿನಿಂದ ಏಕಾದಶಿ ನಿರ್ಜಲ ಮಾಡಿದವರು. ಆಫೀಸಿನಲ್ಲಿ ಸಮೋಸ ಹಂಚುವ ದಿನ ಏಕಾದಶಿ ಬಿದ್ದರೆ ತಮ್ಮ ಪಾಲನ್ನು ನನ್ನ ಮೇಜಿನ ಮೇಲಿಟ್ಟು ನಗುತ್ತಿದ್ದರು. "ಉಪವಾಸದಿಂದ ಯಾರೂ ಸಾಯಲ್ಲಮ್ಮಾ, ಬುದ್ಧಿ ಚುರುಕಾಗುತ್ತೆ" ಅಂತ ನನಗೂ ಎಷ್ಟೋ ಸಲ ಹೇಳಿದ್ದರು. ಮೀನಿಗೂ ಬುದ್ಧಿ ಬರುತ್ತದೆ ಅಂತ ಕಾದರು. ದಿನಾ ಬೆಳಿಗ್ಗೆ ಕಾಳು ಹಾಕುವುದು, ಸಂಜೆ ನಳಿಗೆಯಿಂದ ಅದನ್ನೇ ಎಳೆದು ತೆಗೆಯುವುದು. ಎರಡು ವಾರ ಹೀಗೇ ಹೋಯಿತು.

ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು, "ಸ್ವಲ್ಪ ಬಂದು ನೋಡ್ತೀಯಾಮ್ಮಾ? ಮೀನಿನ ವಿಷಯ ನಿಂಗೆ ಗೊತ್ತಲ್ಲ" ಅಂದರು.

"ತಿನ್ನೋದು ಗೊತ್ತು ಸಾರ್, ಸಾಕೋದು ನಂಗೇನು ಗೊತ್ತು" ಅಂತ ಗೊಣಗುತ್ತಲೇ ಹೋದೆ. ನೋಡಿದರೆ ದೊಡ್ಡ ಮೀನಿನ ಬಾಲದ ಬುಡದಲ್ಲಿ ಎರಡು ಕಡೆ ಮೂಳೆ ಎದ್ದು ಕಾಣುತ್ತಿತ್ತು. ಮೈಯ ಅಂಚು ಬಾಡಿದ ವೀಳ್ಯದೆಲೆಯ ಹಾಗೆ ಮೇಲಕ್ಕೆ ಸುರುಟಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಸತ್ತುಹೋಗಿತ್ತು.

ಪಾರ್ಕಿನ ಮೂಲೆಯ ಬೇವಿನ ಮರದ ಕೆಳಗೆ ಅದನ್ನು ಹೂಳಿದೆವು. ಸಾರ್ ಕೈ ತೊಳೆಯದೆ ಅಲ್ಲೇ ಬೆಂಚಿನ ಮೇಲೆ ಕೂತರು. "ಏಕಾದಶಿ ಮಾಡೋ ನನಗೆ ನಾಳೆ ದ್ವಾದಶಿ ಇದೆ ಅಂತ ಗೊತ್ತಿರುತ್ತೆ. ಅದಕ್ಕೇನು ಗೊತ್ತು?" ಅಂದರು.

ಉಳಿದದ್ದು ಸಣ್ಣದು. ಅದೂ ಹೋದರೆ ಸಾಹೇಬರಿಗೆ ಏನು ಹೇಳುವುದು ಅನ್ನುವ ಹೆದರಿಕೆ ಒಂದು ಕಡೆ. ಆದರೆ ಬೆಂಚಿನಿಂದ ಏಳುವಾಗ ಅವರ ಮುಖದಲ್ಲಿ ಇದ್ದದ್ದು ಸಾಹೇಬರ ಹೆದರಿಕೆ ಅಲ್ಲ, ಅಷ್ಟು ಮಾತ್ರ ನಾನು ಕಂಡೆ. "ಸಾರ್, ನನ್ನ ಫ್ರಿಜ್ಜಿನಲ್ಲಿ ಸಿಗಡಿ ಇಡ್ತೀನಿ. ಅಕ್ಕನಿಗೆ ಹೇಳೋದು ಬೇಡ" ಅಂದೆ.

ಹೀಗೆ ಶುರುವಾಯಿತು ನಮ್ಮ ಕಳ್ಳತನ. ಶನಿವಾರ ಐಎನ್‌ಎ ಮಾರ್ಕೆಟ್ಟಿನಿಂದ ಸಿಗಡಿ ತರುವುದು ನನ್ನ ಕೆಲಸ. "ನಮಗೆ ಸಣ್ಣದು, ಮೇಲಿನ ಮನೆ ಮೀನಿಗೆ ದೊಡ್ಡದು!" ಅಂತ ನನ್ನ ಗಂಡ ರೇಗಿಸುತ್ತಿದ್ದರು. ಅಕ್ಕ ಸ್ನಾನ ಮುಗಿಸಿ ದೇವರ ಮುಂದೆ ಕೂರುವುದು ಬೆಳಿಗ್ಗೆ ಆರೂಕಾಲಿಗೆ, ಎದ್ದೇಳಲು ಒಂದು ಗಂಟೆ ಹಿಡಿಯುತ್ತಿತ್ತು. ಅದೇ ನಮ್ಮ ಮುಹೂರ್ತ. ಸಾರ್ ಪಂಚೆಯುಟ್ಟು ಸ್ಟೀಲ್ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಮೊದಲು ಸಿಗಡಿಯ ಹೊಟ್ಟೆ ಸೀಳಿ ಒಳಗೊಂದು ಕಾಳು ಬಚ್ಚಿಡುವುದು. ಆಮೇಲೆ ಸಿಗಡಿ ಅರೆದು ಕಾಳಿನ ಜೊತೆ ಕಲಸುವುದು. ಆಮೇಲೆ ಬರೀ ಸಿಗಡಿ ನೀರಿನಲ್ಲಿ ನೆನೆಸಿದ ಕಾಳು. ಮಕ್ಕಳಿಗೆ ಸೊಪ್ಪನ್ನು ಅನ್ನದೊಳಗೆ ಅಡಗಿಸುವ ಉಪಾಯವೇ.

ಚಮಚದಲ್ಲಿ ಕೊಟ್ಟರೆ ಮೀನು ಹೆದರಿ ಓಡುತ್ತಿತ್ತು. ಕೈಯಲ್ಲೇ ಕೊಡಬೇಕು. ಯಾವ ಕೈ? ಸಿಗಡಿಯನ್ನು ಬಲಗೈಯಲ್ಲಿ ಮುಟ್ಟಲು ಅವರಿಗೆ ಆಗುತ್ತಿರಲಿಲ್ಲ, ಅನ್ನ ಉಣ್ಣುವ ಕೈ ಅದು. "ಹಾಗಾದ್ರೆ ಎಡಗೈಲಿ ಕೊಡಿ ಸಾರ್" ಅಂದೆ. ಗಾಬರಿಯಾಗಿ ನನ್ನ ಮುಖ ನೋಡಿದರು.

"ಎಡಗೈಲಿ ಯಾರಿಗಾದ್ರೂ ಊಟ ಕೊಡ್ತಾರೇನಮ್ಮಾ?"

ಒಂದು ನಿಮಿಷ ಕಣ್ಣು ಮುಚ್ಚಿದರು. ಆಮೇಲೆ ಬಲಗೈಯನ್ನೇ ಡಬ್ಬಿಯೊಳಗೆ ಹಾಕಿದರು. ಅದು ಮುಗಿದ ಮೇಲೆ ದಿನಾ ಇನ್ನೊಂದು ಸ್ನಾನ, ದಿಲ್ಲಿಯ ಜನವರಿ ಚಳಿಯಲ್ಲೂ. "ನಿಮ್ಮ ಸಾರ್‌ಗೆ ಈಗೀಗ ಭಕ್ತಿ ಜಾಸ್ತಿ ಆಗಿದೆ ಕಣೆ, ಎರಡೆರಡು ಸಲ ಸ್ನಾನ" ಅಂತ ಅಕ್ಕ ನನಗೆ ಹೇಳಿದಾಗ ನಾನು ತುಟಿ ಕಚ್ಚಿಕೊಂಡೆ.

ತೊಟ್ಟಿಯ ಮುಂದೆ ಮರದ ಸ್ಟೂಲ್ ಎಳೆದುಕೊಂಡು, ಪವಿತ್ರದ ಉಂಗುರದಿಂದ ಗಾಜನ್ನು ಎರಡು ಸಲ ಬಡಿದು, ಮೂರು ಬೆರಳಲ್ಲಿ ಉಂಡೆ ಹಿಡಿದು ನೀರಿಗಿಳಿಸುತ್ತಿದ್ದರು. "ಬಾರಪ್ಪಾ, ಒಂದೇ ಒಂದು, ಬಾ" ಅಂತ ಮೆಲ್ಲಗೆ. ಒಂದು ದಿನ ಬಾಲದ ಮುಳ್ಳು ಅಂಗೈಗೆ ನಾಟಿತು. ನಾನು ಊರಿನಲ್ಲಿ ಬೆಸ್ತರು ಮಾಡುತ್ತಿದ್ದದ್ದು ನೆನಪಾಗಿ ಬಿಸಿನೀರಿನಲ್ಲಿ ಕೈ ಅದ್ದಿಸಿದೆ. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಮರುದಿನ ಆರೂಕಾಲಿಗೆ ಮೇಲೆ ಸ್ಟೂಲ್ ಎಳೆದ ಸದ್ದು ನಮ್ಮ ಮನೆಗೆ ಕೇಳಿಸಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ದಬದಬ ಬಡಿದ ಶಬ್ದ. ತೆಗೆದರೆ ಸಾರ್, ಬರಿಗಾಲು, ಮೊಣಕೈವರೆಗೂ ಒದ್ದೆ.

"ತಿಂತಮ್ಮಾ! ಬರೀ ಕಾಳು! ಉಗಿಯಲಿಲ್ಲ! ಮರಳೆಲ್ಲ ಹುಡುಕಿದೆ, ಇಲ್ಲ!"

ಅವರು ಗಂಟಲೆತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪಕ್ಕದ ಮನೆಯವರು ಬೆಂಕಿ ಬಿತ್ತೇ ಅಂತ ಹೊರಗೆ ಬಂದಿದ್ದರು.

ಸಿಗಡಿ ನೀರೂ ನಿಂತಿತು. ಬರೀ ನೀರಿನಲ್ಲಿ ನೆನೆಸಿದ ಕಾಳನ್ನೇ ಮೀನು ತಿನ್ನತೊಡಗಿತು. ಆದರೆ ಬೆರಳಿನಿಂದ ಕೊಟ್ಟರೆ ಮಾತ್ರ. ಮೇಲಿಂದ ಉದುರಿಸಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಇನ್ನು ಕೈಯ ಅಭ್ಯಾಸವನ್ನೂ ಬಿಡಿಸಿ ಅಂತ ಅಂಗಡಿ ಭಯ್ಯಾ ಹೇಳಿದ. ಸಾರ್ ಠೀಕ್ ಹೈ ಅಂದರು, ಬಿಡಿಸಲಿಲ್ಲ.

ಸಾಹೇಬರ ದೋ-ಚಾರ್ ಮಹೀನೇ ಮೂರು ವರ್ಷವಾಯಿತು. ಒಂದು ಫೋನಿಲ್ಲ, ಒಂದು ಕಾಗದವಿಲ್ಲ. ಮೀನು ಬೆಳೆದು ಊಟದ ಬಾಳೆಲೆಯಷ್ಟಾಯಿತು. ಬೇಸಿಗೆಯಲ್ಲಿ ಕರೆಂಟು ಹೋದರೆ ಇನ್ವರ್ಟರ್ ಮೀನಿನ ಮೋಟಾರಿಗೆ, ಗಂಡ ಹೆಂಡತಿಗೆ ಬಾಲ್ಕನಿಯಲ್ಲಿ ಬೀಸಣಿಗೆ. "ನಾವು ಬೀಸ್ಕೋಬಹುದು, ಅದಕ್ಕೆ ಕೈ ಎಲ್ಲಿದೆ" ಅನ್ನುತ್ತಿದ್ದರು. ಮೈಸೂರಿನಲ್ಲಿ ತಂಗಿಯ ಮಗಳ ಮದುವೆ ಬಂತು. ನೀವು ಹೋಗಿಬನ್ನಿ ಸಾರ್, ನಾನು ತಿನ್ನಿಸ್ತೀನಿ ಅಂದೆ. ಎರಡು ದಿನ ಪರೀಕ್ಷೆ ನಡೆಯಿತು. ಅದೇ ಸ್ಟೂಲ್, ಅದೇ ಹೊತ್ತು, ಅವರ ಉಂಗುರವನ್ನೂ ನನ್ನ ಬೆರಳಿಗೆ ಹಾಕಿದರು. ಮೀನು ಬಂತು, ನನ್ನ ಬೆರಳಿನ ಸುತ್ತ ಒಂದು ಸುತ್ತು ಹಾಕಿತು, ಹೋಗಿ ಮೂಲೆಯಲ್ಲಿ ಮಲಗಿತು.

"ನೋಡಿದ್ಯಾ" ಅಂದರು ಸಾರ್. ಚಿಂತೆಯ ಮುಖ ಮಾಡಲು ನೋಡಿದರು, ಆಗಲಿಲ್ಲ. ಮುಖದ ತುಂಬ ಹಿಗ್ಗು.

"ಇದು ಒಳ್ಳೇದಲ್ಲ ಸಾರ್" ಅಂತ ಬೈದೆ. ಮದುವೆಗೆ ಅಕ್ಕ ಒಬ್ಬರೇ ಹೋಗಿಬಂದರು.

ಆ ವರ್ಷ ತಾರಸಿಯ ಮೇಲೆ ಸಂಡಿಗೆ ಇಡುತ್ತಾ ಅಕ್ಕ ಇದ್ದಕ್ಕಿದ್ದ ಹಾಗೆ ಕೇಳಿದರು, "ಏನೇ, ನಿನ್ನ ಫ್ರಿಜ್ಜಿನಲ್ಲಿ ಈಗ ಸಿಗಡಿ ಇಡ್ತಿಲ್ವಾ?" ನನ್ನ ಕೈಯ ಹಿಟ್ಟು ಚಾದರದ ಮೇಲೆ ಬಿತ್ತು.

"ನಾನೇನು ಹೆಬ್ಬೆಟ್ಟಾ? ಆ ಡಬ್ಬಿ ಮೇಲೆ ಮೊದಲನೇ ಸಾಲಿನಲ್ಲೇ ಫಿಶ್ ಮೀಲ್, ಮೀನಿನ ಪುಡಿ ಅಂತ ಬರೆದಿದೆ. ಕಾಳಂತೆ ಕಾಳು!"

"ಮತ್ತೆ ಯಾಕೆ ಸುಮ್ನಿದ್ರಿ ಅಕ್ಕಾ?"

ಅಕ್ಕ ಸಂಡಿಗೆಯ ಸಾಲು ನೇರ ಮಾಡಿದರು. "ಬೆಳಿಗ್ಗೆ ಎದ್ದು ಅದರ ಹತ್ರ ಮಾತಾಡ್ತಾರೆ ಕಣೆ. ನಾನು ದೇವರ ಮುಂದೆ ಕೂತಿದ್ರೂ ಕೇಳಿಸುತ್ತೆ. ಈ ಮನುಷ್ಯ ಬಾಯಿಬಿಟ್ಟು ಯಾರ ಹತ್ರ ಅಷ್ಟು ಮಾತಾಡಿದಾರೆ ಹೇಳು."

ಸಾಹೇಬರು ವಾಪಸು ಬಂದರು, ಇನ್ನೂ ದೊಡ್ಡ ಹುದ್ದೆಯಲ್ಲಿ, ನಮ್ಮ ಮಿನಿಸ್ಟ್ರಿಗೇ. ಮೊದಲ ವಾರವೇ, ನಾನು ಮೊದಲಿನಂತೆ ನೋಟ್‌ಬುಕ್ ಹಿಡಿದು ಕೂತಿದ್ದಾಗ, ಫೈಲು ಹಿಡಿದು ನಿಂತಿದ್ದ ಸಾರ್ ಮುಖ ನೋಡಿ ನೆನಪು ಮಾಡಿಕೊಂಡರು. "ಅರೇ, ವೋ ಮಛ್ಲೀ? ಜಿಂದಾ ಹೈ? ಕಮಾಲ್ ಹೈ!" ಬದುಕಿದೆ ಅಂತ ಕೇಳಿ ಅವರಿಗೇ ಆಶ್ಚರ್ಯ. ಮಕ್ಕಳು ಕೇಳುತ್ತಿದ್ದಾರೆ, ಬರುವ ಭಾನುವಾರ ಗಾಡಿ ಕಳಿಸುತ್ತೇನೆ ಅಂದರು.

ಸಾರ್ ತುಟಿ ಅಲುಗಿತು. ನನ್ನ ಪೆನ್ಸಿಲು ನಿಂತಿತು. ಹೇಳಿ ಸಾರ್, ಒಂದೇ ಒಂದು ಸಲ ಹೇಳಿ, ಕೈಯಿಂದ ಮಾತ್ರ ತಿನ್ನುತ್ತೆ, ಕಳಿಸಿದರೆ ಸಾಯುತ್ತೆ ಅಂತ ಹೇಳಿಬಿಡಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಠೀಕ್ ಹೈ ಸರ್" ಅಂದರು.

ಬಸ್ಸಿನಲ್ಲಿ ಅವರ ಮೇಲೆ ಹರಿಹಾಯ್ದೆ. "ಮೂರು ವರ್ಷ ಸಾಕಿದೋರು ನೀವು!"

"ಇಟ್ಕೊಂಡಿದ್ದೆ ಅಷ್ಟೇಮ್ಮಾ. ಅವರದು ಅದು."

ಭಾನುವಾರಕ್ಕೆ ಆರು ದಿನ ಇತ್ತು. ಮೂರು ವರ್ಷದಲ್ಲಿ ಬಿಡಿಸದ ಅಭ್ಯಾಸವನ್ನು ಆರು ದಿನದಲ್ಲಿ ಬಿಡಿಸಲು ಹೊರಟರು. ಇಕ್ಕಳದಲ್ಲಿ ಹಿಡಿದು ಕೊಟ್ಟರು, ಕಡ್ಡಿಯ ತುದಿಗೆ ಸಿಕ್ಕಿಸಿ ಕೊಟ್ಟರು, ಕೈಗೆ ರಬ್ಬರ್ ಗ್ಲೌಸ್ ಹಾಕಿ ಕೊಟ್ಟರು. ಊಹೂಂ. ನನ್ನ ಕೈ ಆಯಿತು, ನನ್ನ ಗಂಡನ ಕೈ ಆಯಿತು. ಶನಿವಾರ ಬೆಳಿಗ್ಗೆ ಅಕ್ಕ ಪೂಜೆಯ ನಡುವೆ ಎದ್ದು ಬಂದರು. ಮಡಿಸೀರೆಯ ಸೆರಗು ಸಿಕ್ಕಿಸಿಕೊಂಡು, ಡಬ್ಬಿಯಿಂದ ನಾಲ್ಕು ಕಾಳು ತೆಗೆದುಕೊಂಡು, ಬಳೆ ಮುಳುಗುವಷ್ಟು ಕೈಯನ್ನು ನೀರಿಗಿಳಿಸಿದರು. ಕಾಲು ಗಂಟೆ ಹಾಗೇ ಹಿಡಿದುಕೊಂಡಿದ್ದರು. ಮೀನು ಬರಲಿಲ್ಲ. ಕಾಳು ನೆನೆದು ಬೆರಳ ಸಂದಿಯಿಂದ ಕರಗಿ ಬಿತ್ತು. ಸಾರ್ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

ಆ ರಾತ್ರಿ ಕೂತು ಮೂರು ಪುಟ ಬರೆದರು. ಬರೆಯಲು ಅವರಿಗೆ ಬರುತ್ತಿದ್ದದ್ದು ಒಂದೇ ಥರ, ಆಫೀಸಿನ ನೋಟಿಂಗ್. ಮೇಲೆ ವಿಷಯ, ಕೆಳಗೆ ಅಂಕಿ ಹಾಕಿದ ಪ್ಯಾರಾಗಳು. ಕಾಳು ತಿನ್ನದಿದ್ದರೆ ಸಿಗಡಿಯಿಂದ ಮತ್ತೆ ಶುರುಮಾಡಬೇಕು, ಉಪವಾಸ ಕೆಡವಬಾರದು ಅಂತ ಒಂಬತ್ತನೇ ಪ್ಯಾರಾ. ಕೈ ಅಲುಗಿಸಬಾರದು, ಅದು ಬರುವವರೆಗೂ ಕಾಯಬೇಕು ಅಂತ ಕೊನೆಯದು. ಲಕೋಟೆಗೆ ಹಾಕಿ, ಅರ್ಜೆಂಟ್ ಫೈಲಿಗೆ ಹಚ್ಚುವ ಕೆಂಪು ಚೀಟಿ ಅಂಟಿಸಿ, ಮೀನು ಒಯ್ಯಲು ಬಂದ ಡ್ರೈವರ್ ಕೈಗೆ ಕೊಟ್ಟು, ಮೇಡಂಗೆ ಕೊಡು ಅಂತ ಎರಡು ಸಲ ಹೇಳಿದರು. ಸೋಮವಾರ ಆರೂಕಾಲಿಗೆ ಮೇಲೆ ಸ್ಟೂಲ್ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೇ ಹಿಂದಕ್ಕೆ ಎಳೆದ ಸದ್ದು.

ನಾಲ್ಕು ದಿನ ಬಿಟ್ಟು ಧೈರ್ಯ ಮಾಡಿ ಫೋನ್ ಮಾಡಿದರು. "ದಾನಾ ಡಾಲ್ ದಿಯಾ ಹೈ" ಅಂದರಂತೆ ಮೇಡಂ. "ಕಾಳು ಹಾಕಿದೀವಿ ಅಂದ್ರಮ್ಮಾ. ತಿಂತಾ ಅಂತ ಕೇಳೋಷ್ಟರಲ್ಲಿ ಇಟ್ಬಿಟ್ರು." ಎರಡನೇ ಭಾನುವಾರ ನಾನೇ ಅವರನ್ನು ಆಟೋ ಹತ್ತಿಸಿಕೊಂಡು ಸಾಹೇಬರ ಬಂಗಲೆಗೆ ಕರೆದುಕೊಂಡು ಹೋದೆ. ಅವರ ಜೇಬಿನಲ್ಲಿ ಕಾಳಿನ ಡಬ್ಬಿ. ಗೇಟಿನ ಕಾವಲಿನವನು ಏನು ಕೆಲಸ ಅಂತ ಕೇಳಿದ. ಸಾರ್ ಬಾಯಿ ತೆರೆದರು, ಮುಚ್ಚಿದರು.

"ಹೇಳಿ ಸಾರ್!"

"ಮೀನಿಗೆ ಊಟ ಮಾಡ್ಸೋಕೆ ಬಂದಿದೀನಿ ಅಂತ ಹೇಗಮ್ಮಾ ಹೇಳೋದು?"

ನಾನೇ ಹೇಳಿದೆ. ಅವನು ನಕ್ಕು, ಒಳಗೆ ಫೋನ್ ಮಾಡಿ, ಭಾನುವಾರ ಸಾಹೇಬರು ಯಾರನ್ನೂ ನೋಡಲ್ಲ, ಆಫೀಸಿನಲ್ಲಿ ಸಿಗಿ ಅಂದ. ಒಂದು ಗಂಟೆ ಬಿಸಿಲಲ್ಲಿ ನಿಂತೆವು. ಗೇಟಿನ ಸರಳಿನ ಆಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಸಾಹೇಬರ ಬಿಳಿ ಕಾರು ನಿಂತಿತ್ತು. ಮುಂದಿನ ಗಾಜಿನ ಕೆಳಗೆ ಕೆಂಪು ಚೀಟಿಯ ಲಕೋಟೆ ಹಾಗೇ ಬಿದ್ದಿತ್ತು, ಒಡೆದಿರಲಿಲ್ಲ. ನಾನು ನೋಡಿದೆ. ಸಾರ್ ಕೂಡ ನೋಡಿದರು. "ನಡಿಯಮ್ಮಾ" ಅಂದರು.

ಆಫೀಸಿನಲ್ಲಿ ಫೈಲು ಹಿಡಿದು ದಿನಾ ಸಾಹೇಬರ ಮುಂದೆ ನಿಲ್ಲುತ್ತಿದ್ದರು. ದಿನಾ ಫೈಲಿನ ಮಾತು ಮುಗಿದಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದರು. ಇನ್ನೇನಾದರೂ ಇದೆಯಾ ಅಂತ ಅವರು "ಔರ್ ಕುಛ್?" ಅಂದರೆ "ನಹೀಂ ಸರ್". ಇಪ್ಪತ್ತೆರಡನೇ ದಿನ ಸಹಿ ಮಾಡುತ್ತಾ, ಪೆನ್ನು ಎತ್ತದೆ, ಸಾಹೇಬರೇ ಹೇಳಿದರು, "ಅಚ್ಛಾ, ಆಪ್ ಕೀ ಮಛ್ಲೀ ಮರ್ ಗಯೀ. ಕುಛ್ ಖಾಯಾ ಹೀ ನಹೀಂ." ಏನೂ ತಿನ್ನಲೇ ಇಲ್ಲವಂತೆ. ಅಷ್ಟು ದಿನ ಅವರದಾಗಿದ್ದ ಮೀನು ಸತ್ತ ಮೇಲೆ ಇವರದಾಗಿತ್ತು.

"ಠೀಕ್ ಹೈ ಸರ್" ಅಂದರು ಸಾರ್.

ಅಭ್ಯಾಸಬಲ. ಆ ಮಾತು ಬಿಟ್ಟು ಆ ಕೋಣೆಯಲ್ಲಿ ಇನ್ನೊಂದು ಮಾತು ಅವರಿಗೆ ಬರುತ್ತಿರಲಿಲ್ಲ. ಫೈಲಿನ ದಾರವನ್ನು ಸರಿಯಾಗಿ ಕಟ್ಟಿ ತಗೊಂಡು ಹೊರಗೆ ಹೋದರು.

ಸಂಜೆ ಬಸ್ಸಿನಲ್ಲಿ ಯಮುನೆಯ ಸೇತುವೆ ದಾಟುವಾಗ, ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಹೇಳಿದರು. "ಕೈ ಬಿಡ್ಸಿ ಅಂತ ಅಂಗಡಿಯವನು ಹೇಳಿದ್ದ. ಬಿಡಿಸಬಹುದಿತ್ತಮ್ಮಾ, ಕಷ್ಟ ಇರಲಿಲ್ಲ. ನಂಗ್ಯಾಕೋ ಮನಸ್ಸು ಬರಲಿಲ್ಲ. ನಿಮ್ಮ ಕೈಯೇ ಬೇಕು ಅಂತ ಹಟ ಹಿಡಿದದ್ದು ಈ ಜನ್ಮದಲ್ಲಿ ಅದೊಂದೇ." ನಾನು ಕಿಟಕಿಯಾಚೆ ನೋಡುತ್ತಾ ಅತ್ತೆ. ಅವರು ಅಳಲಿಲ್ಲ.

ಆಮೇಲೆ ಅವರು ನಿವೃತ್ತರಾದರು, ಬಿ.ಪಿ. ಬಂತು, ಹೃದಯದ ತೊಂದರೆ ಬಂತು. ಮೀನಿನ ಮಾತು ಮತ್ತೆ ಎತ್ತಲಿಲ್ಲ. ತೊಟ್ಟಿ ಇದ್ದ ಗೋಡೆಯ ಮುಂದೆ ಸ್ಟೂಲ್ ಮಾತ್ರ ಹಾಗೇ ಇತ್ತು.

ಶೋಕಸಭೆಯಲ್ಲಿ ಏಳನೆಯವರಾಗಿ ಮಾತಾಡಿದ್ದು ಆ ಸಾಹೇಬರು. ಅವರೂ ಈಗ ನಿವೃತ್ತರು, ಹತ್ತಿರದಲ್ಲೇ ನೋಯ್ಡಾದಲ್ಲಿ ಮನೆ. ಕೋಲು ಊರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನಲವತ್ತು ವರ್ಷದ ನೌಕರಿಯಲ್ಲಿ ಇಂಥ ಶರೀಫ್ ಮನುಷ್ಯನನ್ನು ನೋಡಲಿಲ್ಲ, ಯಾವ ಕೆಲಸ ಹೇಳಿದರೂ ಇಲ್ಲ ಅಂದವರಲ್ಲ ಅಂದರು. ಎಲ್ಲರೂ ತಲೆದೂಗಿದರು. ಸೆಕ್ರೆಟರಿ ನನ್ನ ಕಡೆ ತಿರುಗಿ, "ಆಪ್ ಭೀ ಕುಛ್ ಬೋಲಿಯೇ" ಅಂದ.

ಎದ್ದೆ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಆವತ್ತು ಹೇಳಿಬಿಡುತ್ತೇನೆ ಅಂದುಕೊಂಡೇ ಎದ್ದೆ. ಬೇವಿನ ಮರ ಅಲ್ಲೇ ಇತ್ತು. ಸಾಹೇಬರು ಕೋಲಿನ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಮೀನು ಒಪ್ಪಿಸಿದಾಗಲೂ, ವಾಪಸು ಕೇಳಿದಾಗಲೂ ಆ ಕೋಣೆಯಲ್ಲಿ ನಾನೂ ಇದ್ದೆನಲ್ಲ. ಪೆನ್ಸಿಲು ನಿಲ್ಲಿಸಿದೆ, ಬಾಯಿ ಬಿಡಲಿಲ್ಲ. ಬಾಯಿ ಸತ್ತವರು ಅಂತ ಸಾರ್‌ನ ಎಷ್ಟು ಬೈದಿದ್ದೆ!

"ಬಡೇ ಶರೀಫ್ ಆದ್ಮೀ ಥೇ" ಅಂದೆ. ಕೂತೆ.

ಚಾದರದ ಮೇಲೆ ಕೂತಿದ್ದ ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು.